ಪೂಜೆಗಿಟ್ಟ ರಿವಾಲ್ವರ್

ಕೊರೊನಾ ಕಾಟ ಮುಗಿದು ಎರಡನೇ ದಸರಾ ಬಂದ ವರ್ಷ ಅದು. ನಾನು ಆಗ ಜಿಲ್ಲೆಯ ಸಶಸ್ತ್ರ ಪಡೆಯಲ್ಲಿ ಆಯುಧ ತರಬೇತುದಾರ. ನಿವೃತ್ತಿಗೆ ಇನ್ನು ಕೆಲವೇ ತಿಂಗಳು ಬಾಕಿ ಇತ್ತು. ಪಡೆಯ ಹುಡುಗರಿಗೆ ರೈಫಲ್, ಪಿಸ್ತೂಲು ಕಲಿಸುವುದು ನನ್ನ ಮುಖ್ಯ ಕೆಲಸ. ಅದರ ಜೊತೆಗೆ, ಆತ್ಮರಕ್ಷಣೆಗೆಂದು ಬಂದೂಕಿನ ಲೈಸೆನ್ಸ್ ಕೇಳಿದ ಸಾರ್ವಜನಿಕರಿಗೆ ತರಬೇತಿ ಕೊಟ್ಟು ಸರ್ಟಿಫಿಕೇಟ್ ಬರೆಯುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲ ಕಡೆಯಿಂದಲೂ ಜನ ಬರುತ್ತಿದ್ದರು. ಊರಾಚೆ ಗುಡ್ಡದ ಮಗ್ಗುಲಲ್ಲಿ ನಮ್ಮ ಫೈರಿಂಗ್ ರೇಂಜ್ ಇತ್ತು. ಬೇವಿನ ಮರದ ಕೆಳಗೆ ಪಾಠ, ಅದರ ಮುಂದೆ ಗುರಿ ಹೊಡೆಯುವ ಸಾಲು.

ನನ್ನ ಬಾಯಿ ಸ್ವಲ್ಪ ಜೋರು. ಸಾಸ್ವೆಹಳ್ಳಿಯಲ್ಲಿ ನಮ್ಮ ಮನೆಯವಳು ಇವತ್ತಿಗೂ ಹೇಳುತ್ತಾಳೆ, "ನಿಮ್ಮ ಪರೇಡು ರೇಂಜಿನಾಗೆ ಇಟ್ಕಳ್ರಿ, ಅಡಿಗೆಮನೆಗೆ ತರಬ್ಯಾಡ್ರಿ" ಅಂತ. ಏನು ಮಾಡುವುದು? ಶಿಬಿರಕ್ಕೆ ಬರುತ್ತಿದ್ದವರಲ್ಲಿ ಅರ್ಧ ಜನ ಸಿನಿಮಾ ನೋಡಿ ಬಂದವರು. ಚನ್ನಗಿರಿಯ ಸಾಹುಕಾರರೊಬ್ಬರು ಕಪ್ಪು ಕನ್ನಡಕ ಹಾಕಿಕೊಂಡು ಬಂದು, ರಿವಾಲ್ವರ್ ಕೈಗೆ ಸಿಕ್ಕಿದ್ದೇ ತಡ ಅದನ್ನು ಕೆನ್ನೆಗೆ ಆನಿಸಿಕೊಂಡು ಫೋಟೋಗೆ ನಿಂತುಬಿಟ್ಟರು. "ಸ್ವಾಮಿ, ಇದು ಮದುವೆ ಆಲ್ಬಮ್ ಅಲ್ಲ, ಇಳಿಸ್ರಿ ಅದನ್ನ" ಎಂದು ಗದರಿದೆ. ಸೂಳೆಕೆರೆ ಕಡೆಯ ಗುತ್ತಿಗೆದಾರರೊಬ್ಬರು, "ಸಾರ್, ಇದ್ರಾಗೆ ಕೆರೆ ಕೊಕ್ಕರೆ ಹೊಡಿಯಾಕೆ ಆಗ್ತೈತಾ?" ಎಂದು ಕೇಳಿದ್ದರು. ಅವರಿಗೆ ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಆತ್ಮರಕ್ಷಣೆಯ ತರಬೇತಿ ಎಂದರೆ ಗುರಿ ಹೊಡೆಯುವುದು ಎಂದು ಎಲ್ಲರೂ ತಿಳಿದಿರುತ್ತಾರೆ. ಗುರಿ ಹೊಡೆಯುವುದು ಅದರಲ್ಲಿ ಕೊನೆಯ ಪಾಠ. ಮೊದಲು ಅಪಾಯ ಕಂಡರೆ ದೂರ ಹೋಗುವುದು, ಆಮೇಲೆ ಮರೆಗೆ ನಿಲ್ಲುವುದು, ಕೂಗುವುದು, ಬೇರೆ ದಾರಿಯೇ ಇಲ್ಲದಾಗ ಮಾತ್ರ ಆಯುಧಕ್ಕೆ ಕೈ ಹಾಕುವುದು. ಇದಕ್ಕೂ ಮುಂಚೆ ಕಲಿಯಬೇಕಾದದ್ದು ಇನ್ನೊಂದಿದೆ. ಅದು ನಮ್ಮ ಕೈಯಲ್ಲಿರುವ ಆಯುಧದಿಂದ ನಮ್ಮವರನ್ನೇ ಕಾಪಾಡುವುದು. ಪ್ರತಿ ಬಂದೂಕೂ ತುಂಬಿದೆ ಎಂದೇ ತಿಳಿಯಬೇಕು. ನಳಿಕೆ ಯಾವತ್ತೂ ಮನುಷ್ಯನ ಕಡೆ ತಿರುಗಬಾರದು. ಗುರಿ ನೋಡಿ ತೀರ್ಮಾನ ಮಾಡುವವರೆಗೆ ಬೆರಳು ಕುದುರೆಯ ಮೇಲೆ ಹೋಗಬಾರದು. ಕುದುರೆ ಎಂದರೆ ಟ್ರಿಗರ್. ಹಳಬರು ಹಾಗೇ ಅನ್ನುತ್ತಾರೆ, ನಾನೂ ಹಳಬ.

ಇನ್ನು ನನ್ನದೇ ಒಂದು ಹಠ ಇತ್ತು. ಪಡೆಯ ಕವಾಯತಿನ ಆಜ್ಞೆಗಳೆಲ್ಲ ಹಿಂದಿಯಲ್ಲಿರುತ್ತವೆ. ಅದರಲ್ಲಿ "ಖಾಲಿ ಕರ್" ಎಂಬುದೊಂದು. ಖಾಲಿ ಮಾಡು ಎಂದರ್ಥ. ನಾನು ಆ ಮಾತನ್ನು ಎಲ್ಲೆಂದರಲ್ಲಿ ಕೂಗುತ್ತಿದ್ದೆ. ಟೀ ಕುಡಿಯುವಾಗ, ಪಾಠದ ನಡುವೆ, ಯಾರಾದರೂ ಹರಟೆಗೆ ಕೂತಾಗ. ಕೂಗಿದ ತಕ್ಷಣ ಆಯುಧ ಕೈಯಲ್ಲಿರುವವರು ಬೆರಳನ್ನು ಹೊರಗೆಳೆದು ನೇರ ಮಾಡಬೇಕು, ನಳಿಕೆಯನ್ನು ನೆಲಕ್ಕೆ ತಿರುಗಿಸಬೇಕು, ಆಯುಧವನ್ನು ತೆರೆಯಬೇಕು, ಒಳಗೆ ಕಣ್ಣಿಂದ ನೋಡಿ ಕಿರುಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು. "ನಿದ್ದೆಗಣ್ಣಲ್ಲಿ ಕೂಗಿದರೂ ನಿಮ್ಮ ಕೈ ಕೇಳಬೇಕು, ತಲೆ ಆಮೇಲೆ ಕೇಳಲಿ" ಎನ್ನುತ್ತಿದ್ದೆ. ನ್ಯಾಮತಿಯ ಒಬ್ಬ ಮೆಡಿಕಲ್ ಶಾಪಿನವನು ಬೇಸತ್ತು, "ಸಾರ್, ನಿಮ್ಮ ಖಾಲಿ ಕರ್ ಕನಸಿನಾಗೂ ಬರಾಕೆ ಹತ್ತೈತೆ" ಎಂದ. ಬರಲಿ ಬಿಡು ಎಂದೆ.

ಗಿರಿಜಮ್ಮ ಬಂದದ್ದು ಅಂಥ ಒಂದು ತಂಡದಲ್ಲಿ. ಜಗಳೂರಿನಿಂದ ಸ್ವಲ್ಪ ಆಚೆ, ಹೆದ್ದಾರಿಯ ಪಕ್ಕ ಅವರದು ಒಂದು ಪೆಟ್ರೋಲ್ ಬಂಕ್. ಬಂಕಿನ ಹಿಂದೆಯೇ ಮನೆ. ಒಂದು ಸಂಜೆ ಬೈಕಿನಲ್ಲಿ ಬಂದವರು ಕ್ಯಾಷ್ ಬ್ಯಾಗಿಗೆ ಕೈ ಹಾಕಿದಾಗ ಅಡ್ಡ ಬಂದ ಅವರ ಗಂಡನನ್ನು ಮಚ್ಚಿನಿಂದ ಹೊಡೆದಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಆತ ಹೋಗಿಬಿಟ್ಟರು. ಗಿರಿಜಮ್ಮ ಬಂಕು ಮುಚ್ಚಲಿಲ್ಲ. ಗಂಡ ಕೂತ ಕುರ್ಚಿಯಲ್ಲಿ ತಾವೇ ಕೂತರು, ಲೈಸೆನ್ಸಿಗೆ ಅರ್ಜಿ ಹಾಕಿದರು. ಮಾತು ಕಡಿಮೆ, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರೆಂದರೆ ಗಮನವೆಲ್ಲ ಹೇಳಿಕೊಟ್ಟದ್ದರ ಮೇಲೆ.

ಅವರ ಜೊತೆ ಅತ್ತೆ ಹನುಮಕ್ಕನೂ ಬರುತ್ತಿದ್ದರು. ಎಂಬತ್ತರ ಹತ್ತಿರದ ಮುದುಕಿ. ಸೊಸೆಯನ್ನು ಒಬ್ಬಳನ್ನೇ ಎಲ್ಲಿಗೂ ಬಿಡುವುದಿಲ್ಲವೆಂದು ಹಟ. ಬೇವಿನ ಮರದ ಬುಡದಲ್ಲಿ ಕೂತು, ಗುಂಡಿನ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತ, ಮಧ್ಯಾಹ್ನ ಎಲ್ಲರಿಗೂ ಬುತ್ತಿ ಹಂಚುತ್ತಿದ್ದರು. ನನಗೂ ಒಂದು ಡಬ್ಬಿ ಬಂತು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಚೊಕ್ಕಟವಾಗಿ ತಿಂದು, ಡಬ್ಬಿ ತೊಳೆದು ವಾಪಸ್ ಕೊಡಲು ಹೋದರೆ ಮುದುಕಿ ಮುಖ ಸಿಂಡರಿಸಿದರು.

"ಬರೇ ಡಬ್ಬಿ ಕೊಡ್ತೀರೇನ್ರೀ ಸಾಹೇಬ್ರೇ? ಬರಿದು ಕೊಡಬಾರ್ದು, ಬರಿದು ಇಡಬಾರ್ದು. ನಾಕು ಕಾಳು ಸಕ್ಕರೆನಾದ್ರೂ ಹಾಕ್ರಿ."

ರೇಂಜಿನಲ್ಲಿ ಸಕ್ಕರೆ ಎಲ್ಲಿಂದ ತರಲಿ? ಟೀ ಕಾಯಿಸುವ ಹುಡುಗನ ಡಬ್ಬಿಯಿಂದ ಒಂದು ಚಮಚ ತರಿಸಿ ಹಾಕಿ ಕೊಟ್ಟೆ. ಆಗ ನಕ್ಕರು. "ನನ್ನ ಮಗ ಅವತ್ತು ಬರಿಗೈಲಿ ಇದ್ದ ನೋಡ್ರಿ" ಎಂದರು, ನಗು ಮುಗಿಯುವ ಮೊದಲೇ. "ಎರಡೂ ಕೈ ಹಿಂಗೆ ಮ್ಯಾಲೆ ಎತ್ತಿದ್ದ. ಬಾಗ್ಲಾಗೆ ನಿಂತು ನೋಡಿದೆ ನಾನು." ಗುರಿ ಸಾಲಿಗೆ ಹೊರಟುಹೋದೆ.

ಗಿರಿಜಮ್ಮನಷ್ಟು ಶಿಸ್ತಿನ ಶಿಷ್ಯರನ್ನು ನಾನು ಪಡೆಯಲ್ಲೂ ಹೆಚ್ಚು ಕಂಡಿಲ್ಲ. ಕೊನೆಯ ದಿನ ಒಂದು ಪರೀಕ್ಷೆ ಇಡುತ್ತಿದ್ದೆ. ಅಭ್ಯರ್ಥಿ ಮರದ ರಿವಾಲ್ವರ್ ಹಿಡಿದು ನಿಂತಿರುವಾಗ ನಾನು ಹಿಂದಿನಿಂದ ಕಿರುಚುತ್ತ ದೊಣ್ಣೆ ಎತ್ತಿಕೊಂಡು ನುಗ್ಗುವುದು. ಹೊನ್ನಾಳಿಯ ಗಟ್ಟಿಮುಟ್ಟಾದ ಟ್ರಾನ್ಸ್‌ಪೋರ್ಟ್ ಮಾಲೀಕರು ಗಾಬರಿಯಲ್ಲಿ ತಮ್ಮ ಹೊಟ್ಟೆಗೇ ಗುರಿ ಇಟ್ಟುಕೊಂಡರು. ಗಿರಿಜಮ್ಮ ಪಕ್ಕದ ಡಾಂಬರು ಡ್ರಮ್ಮಿನ ಹಿಂದೆ ಸರಿದು, "ಅಲ್ಲೇ ನಿಲ್ರಿ!" ಎಂದು ಕೂಗಿದರು. ಬೆರಳು ಕುದುರೆಯ ಹೊರಗೇ ಇತ್ತು. "ಶಹಬ್ಬಾಸ್ ಕಣಮ್ಮ!" ಎಂದೆ. ನಾನು ಹಾಗೆ ಅನ್ನುವುದು ಅಪರೂಪ.

ಲೈಸೆನ್ಸ್ ಬಂತು. ಅವರು ಕೊಂಡದ್ದು ಪಾಯಿಂಟ್ ಮೂವತ್ತೆರಡರ ರಿವಾಲ್ವರ್. ಈ ಆಯುಧದ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇದರ ನಡುವೆ ಒಂದು ತಿರುಗುವ ಚಕ್ರ ಇದೆ, ಚಕ್ರದಲ್ಲಿ ಗುಂಡು ಕೂರುವ ಆರು ತೂತು. ಚೌಕಾಬಾರ ಆಡಿ ಬೆಳೆದ ನಮ್ಮ ಜನ ಅದನ್ನು ಮನೆ ಅನ್ನುತ್ತಾರೆ. ಆರು ಮನೆ, ಆರು ಗುಂಡು. ಕುದುರೆ ಒಂದು ಸಲ ಎಳೆದರೆ ಚಕ್ರ ಒಂದು ಮನೆ ಮುಂದೆ ಹೋಗುತ್ತದೆ, ಆ ಮನೆಯಲ್ಲಿ ಗುಂಡಿದ್ದರೆ ಹಾರುತ್ತದೆ, ಇಲ್ಲದಿದ್ದರೆ ಟಕ್ ಎನ್ನುತ್ತದೆ. ತಡೆಯಲು ಬೇರೆ ಬೀಗ ಇಲ್ಲ. ಮೇಲಿನ ಕೊಂಡಿಯನ್ನು ಹೆಬ್ಬೆರಳಿಂದ ಒತ್ತಿದರೆ ನಳಿಕೆ ಮುಂದಕ್ಕೆ ಬಾಗಿ ಚಕ್ರ ಪೂರ್ತಿ ತೆರೆದುಕೊಳ್ಳುತ್ತದೆ, ಒಳಗೆ ಗುಂಡಿದ್ದರೆ ಅದು ತಾನಾಗಿಯೇ ಹೊರಗೆ ಚಿಮ್ಮುತ್ತದೆ. ಮಕ್ಕಳೂ ತೆರೆಯಬಹುದಾದಷ್ಟು ಸರಳ. ಅದರ ಭಯವೂ ಅದೇ.

ಮನೆಯಲ್ಲಿ ಖಾಲಿ ಆಯುಧದಿಂದ ದಿನಾ ಸ್ವಲ್ಪ ಹೊತ್ತು ಅಭ್ಯಾಸ ಮಾಡಬೇಕೆಂದು ಎಲ್ಲರಿಗೂ ಹೇಳುತ್ತಿದ್ದೆ. ಡ್ರೈ ಪ್ರಾಕ್ಟೀಸ್ ಎಂದು ಹೆಸರು. ಖಾಲಿ ಮಾಡು, ಖಾತ್ರಿ ಮಾಡು, ಗಟ್ಟಿ ಗೋಡೆಯ ಕಡೆ ನಿಂತು ಗುರಿ ಹಿಡಿ, ಕುದುರೆ ಎಳಿ. ಅಭ್ಯಾಸ ಮಾಡುವ ಕೋಣೆಯಲ್ಲಿ ಒಂದು ಗುಂಡೂ ಇರಕೂಡದು, ಗೋಡೆಯ ಕಡೆ ಯಾರೂ ಸುಳಿಯಕೂಡದು. ಗಿರಿಜಮ್ಮ ಬೆಳಿಗ್ಗೆ ಬಂಕಿಗೆ ಹೋಗುವ ಮೊದಲು, ಪಡಸಾಲೆಯ ಗೋಡೆಯ ಕ್ಯಾಲೆಂಡರಿಗೆ ಗುರಿ ಇಟ್ಟು ತಪ್ಪದೆ ಮಾಡುತ್ತಿದ್ದರಂತೆ. ಅತ್ತೆ ಅಲ್ಲೇ ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತ ನೋಡುತ್ತಿದ್ದರಂತೆ. ಇದನ್ನು ಫೋನಿನಲ್ಲಿ ಕೇಳಿ ನಾನು ಸಂತೋಷಪಟ್ಟಿದ್ದೆ.

ಆ ದಸರಾಕ್ಕೆ ಫೋನು ಬಂತು. "ಸಾರ್, ಆಯುಧಪೂಜೆಗೆ ನೀವು ಬರಲೇಬೇಕು. ಕಲಿಸಿದ ಗುರುಗಳಿಲ್ದೆ ಪೂಜೆ ಹೆಂಗೆ ಮಾಡಾಕೆ ಆಗ್ತೈತೆ? ಅತ್ತೆ ನಿಮಗಂತ ಹೋಳಿಗೆ ಮಾಡಿಸ್ಯಾರೆ." ಹೋಳಿಗೆ ಎಂದ ಮೇಲೆ ಇಲ್ಲ ಅನ್ನುವ ಜಾಯಮಾನ ನನ್ನದಲ್ಲ. ಬೆಳಿಗ್ಗೆ ನಮ್ಮ ಆಯುಧಾಗಾರದ ಪೂಜೆ ಮುಗಿಸಿದೆ. ಅಲ್ಲಿ ನಾವೂ ರೈಫಲ್‌ಗಳಿಗೆ ಕುಂಕುಮ ಹಚ್ಚಿ ಸೇವಂತಿಗೆ ಸಿಕ್ಕಿಸುತ್ತೇವೆ, ಆದರೆ ಒಂದೊಂದರ ಬೋಲ್ಟನ್ನೂ ಬಿಚ್ಚಿ ಬಾಯಿ ತೆರೆದೇ ಇಟ್ಟಿರುತ್ತೇವೆ. ದೇವಿಗೆ ಅದರಿಂದ ಬೇಸರವಾದ ಹಾಗೆ ಕಂಡಿಲ್ಲ. ಅಲ್ಲಿಂದ ಜಗಳೂರಿನ ಬಸ್ಸು ಹಿಡಿದೆ.

ಬಂಕಿನಲ್ಲಿ ಕರ್ಪೂರ ಹಚ್ಚುವಂತಿಲ್ಲ. ಹಾಗಾಗಿ ಪಂಪುಗಳಿಗೆ ಬಾಳೆಕಂದು, ಮಾವಿನ ತೋರಣ ಮಾತ್ರ ಕಟ್ಟಿ, ಪೂಜೆಯನ್ನು ಹಿಂದಿನ ಮನೆಯ ಪಡಸಾಲೆಯಲ್ಲಿ ಇಟ್ಟುಕೊಂಡಿದ್ದರು. ದೇವಿಯ ಫೋಟೋ ಮುಂದೆ ಮಣೆ, ಮಣೆಯ ಮೇಲೆ ಬಂಕಿನ ಸಾಮಾನು: ಟ್ಯಾಂಕಿನ ಆಳ ನೋಡುವ ಕೋಲು, ಸ್ಪ್ಯಾನರುಗಳು, ಬೀಗದ ಕೈ ಗೊಂಚಲು, ಐದು ಲೀಟರಿನ ಅಳತೆ ಡಬ್ಬಿ. ಅಳತೆ ಡಬ್ಬಿಯೊಳಗೆ ಒಂದು ಹಿಡಿ ಅಕ್ಕಿ ಹಾಕಿತ್ತು. ಸ್ಪ್ಯಾನರಿನ ಪೆಟ್ಟಿಗೆಯೊಳಗೆ ವೀಳ್ಯದೆಲೆ. ಅವುಗಳ ನಡುವೆ, ಕೆಂಪು ರವಿಕೆ ಬಟ್ಟೆಯ ಮೇಲೆ ರಿವಾಲ್ವರ್. ಹಿಡಿಗೆ ಅರಿಶಿನ ಕುಂಕುಮ, ಮೇಲೊಂದು ಚೆಂಡು ಹೂ. ಪಕ್ಕದ ತಟ್ಟೆಯಲ್ಲಿ ಗುಂಡುಗಳು, ಒಂದೊಂದರ ಬೆನ್ನಿಗೂ ಕುಂಕುಮದ ಬೊಟ್ಟು.

ಗುಂಡು ಕಂಡದ್ದೇ ನನಗೆ ನೆತ್ತಿಗೇರಿತು. "ಏನಮ್ಮ ಇದು? ಗುಂಡು ಬೇರೆ ಕೋಣೇಲಿ ಇರಬೇಕು ಅಂತ ಎಷ್ಟು ಸಲ ಬಡಕೊಂಡಿದ್ದೆ?"

"ಅತ್ತೆ ಬಿಡ್ಲಿಲ್ಲ ಸಾರ್, ಗುಂಡಿಗೂ ಪೂಜೆ ಆಗ್ಬೇಕು ಅಂದ್ರು" ಎಂದರು ಗಿರಿಜಮ್ಮ. "ರಿವಾಲ್ವರ್ ಬೆಳಿಗ್ಗೇನೇ ನಾನೇ ಖಾಲಿ ಮಾಡೀನಿ. ಆರೂ ಮನೆ ಬೆರಳಾಕಿ ನೋಡೀನಿ."

ಆಕೆ ನೋಡೀನಿ ಅಂದರೆ ನೋಡಿರುತ್ತಾಳೆ. ಆದರೂ ನನ್ನ ಕೈ ತಾನಾಗಿ ಮಣೆಯ ಕಡೆ ಹೋಯಿತು. ಹನುಮಕ್ಕ ಅಡ್ಡ ಬಂದರು. "ಪೂಜೆಗಿಟ್ಟದ್ದು ಕದಲಿಸಬಾರ್ದು ಸಾಹೇಬ್ರೇ. ಮಂಗಳಾರತಿ ಆಗ್ಲಿ ತಡೀರಿ." ಪೂಜಾರಿ ಆಗಲೇ ಗಂಟೆ ಬಾರಿಸತೊಡಗಿದ್ದ. ನಾನು ಕೈ ಹಿಂದೆಗೆದುಕೊಂಡು, ನಳಿಕೆಯ ಮುಂದೆ ಕೂತಿದ್ದ ಬಂಕಿನ ಕೆಲಸಗಾರರನ್ನು ಈ ಕಡೆಗೆ ಎಬ್ಬಿಸಿ ಕೂರಿಸಿದೆ. "ದೇವ್ರ ಮುಂದೆನೂ ಪರೇಡಾ?" ಎಂದು ಯಾರೋ ಹಿಂದಿನಿಂದ ಮುಸಿಮುಸಿ ನಕ್ಕರು.

ಮಂಗಳಾರತಿ ಆಯಿತು. ಅಂಗಳದಲ್ಲಿ ಬೂದುಗುಂಬಳ ಒಡೆದರು. ಒಳಗೆ ಬಂದು ಒಬ್ಬೊಬ್ಬರೂ ತಮ್ಮ ತಮ್ಮ ಸಾಮಾನು ಎತ್ತಿ ಕಣ್ಣಿಗೆ ಒತ್ತಿಕೊಂಡರು. ಮೆಕ್ಯಾನಿಕ್ಕು ಸ್ಪ್ಯಾನರ್, ಹಳೇ ಕೆಲಸಗಾರ ಅಳತೆಯ ಕೋಲು. ಗಿರಿಜಮ್ಮ ರಿವಾಲ್ವರನ್ನು ಎರಡೂ ಕೈಯಲ್ಲಿ ಎತ್ತಿ, ನಳಿಕೆ ಆ ಕಡೆ ಮಾಡಿಯೇ ಕಣ್ಣಿಗೆ ಒತ್ತಿಕೊಂಡರು. ಅಷ್ಟರ ಮಟ್ಟಿಗೆ ಪಾಠ ನೆನಪಿದೆ ಎಂದು ನನಗೆ ಸಮಾಧಾನ. ಯಾರೋ ಕೈಗೆ ಮಂಡಕ್ಕಿ, ಬೆಲ್ಲ, ಕೊಬ್ಬರಿಯ ತಟ್ಟೆ ಕೊಟ್ಟರು. ಹೋಳಿಗೆ ಒಳಗೆ ಕಾಯುತ್ತಿದೆ ಎಂದೂ ಹೇಳಿದರು. ನಾನು ಪೂಜಾರಿಯ ಜೊತೆ ಮಾತಿಗೆ ತೊಡಗಿದೆ.

ಗಿರಿಜಮ್ಮನಿಗೆ ಒಬ್ಬಳೇ ಮಗಳು, ಕಾವ್ಯ. ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಿದ್ದವಳು ಹಬ್ಬಕ್ಕೆ ಬಂದಿದ್ದಳು. ಅವಳ ದನಿ ಕೇಳಿಸಿತು: "ಅಮ್ಮ, ದಿನಾ ಬೆಳಿಗ್ಗೆ ಮಾಡ್ತೀಯಲ್ಲ, ಹಂಗೆ ನಿಲ್ಲು. ವಿಡಿಯೋ ತೆಗಿತೀನಿ. ಸ್ಟೇಟಸ್ಸಿಗೆ ಹಾಕ್ತೀನಿ." ಕೆಲಸಗಾರರೂ ಸೇರಿಕೊಂಡರು. "ಹಿಡೀರಿ ಅಕ್ಕೋರೇ, ನಾವೂ ನೋಡ್ತೀವಿ." ಬೇಡ ಬೇಡ ಎಂಬ ನಗು ಕೇಳಿಸಿತು. ಆಮೇಲೆ ನಗು ನಿಂತಿತು.

ಟಕ್.

ಆ ಸದ್ದನ್ನು ನಾನು ಸಾವಿರ ಸದ್ದಿನ ನಡುವೆ ಗುರುತಿಸಬಲ್ಲೆ. ತಿರುಗಿ ನೋಡಿದೆ. ಗಿರಿಜಮ್ಮ ದಿನದಂತೆ ಅದೇ ಜಾಗದಲ್ಲಿ ನಿಂತಿದ್ದರು, ನಾನು ಕಲಿಸಿದ ನಿಲುವಿನಲ್ಲಿ, ಎರಡೂ ಕೈ ಚಾಚಿ, ಅದೇ ಕ್ಯಾಲೆಂಡರಿನ ಕಡೆ. ಆ ಕ್ಯಾಲೆಂಡರಿನ ಕೆಳಗೆ ಕಾವ್ಯ ಮೊಬೈಲ್ ಹಿಡಿದು ಮಂಡಿಯೂರಿ ಕೂತಿದ್ದಳು. ನಳಿಕೆಗೂ ಅವಳ ಹಣೆಗೂ ನಡುವೆ ಆ ಮೊಬೈಲ್ ಬಿಟ್ಟರೆ ಏನೂ ಇರಲಿಲ್ಲ.

"ಅಯ್ಯೋ ಅಮ್ಮ, ಸರಿ ಬರ್ಲಿಲ್ಲ" ಎಂದಳು ಹುಡುಗಿ. "ಕ್ಯಾಮೆರಾ ಕಡೆ ನೇರ ಹಿಡಿ. ಇನ್ನೊಂದ್ಸಾರಿ ಟಕ್ ಅನ್ಸು."

ನಳಿಕೆ ಇನ್ನೂ ಸ್ವಲ್ಪ ಕೆಳಗಿಳಿಯಿತು. ಬೆರಳು ಮತ್ತೆ ಬಾಗಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಆ ಕ್ಷಣ ನನಗೆ ಭಯವಾಗಲಿಲ್ಲ, ಕೆಂಡದಂಥ ಸಿಟ್ಟು ಬಂತು. ರಿವಾಲ್ವರ್ ಖಾಲಿ ಎಂದೇ ನಾನೂ ನಂಬಿದ್ದೆ. ಖಾಲಿಯಾದರೇನು, ಹೆತ್ತ ಮಗಳ ಹಣೆಗೆ ನಳಿಕೆಯೇ? ನನ್ನ ಶಿಷ್ಯೆಯೇ? ಕೈಯಲ್ಲಿದ್ದ ತಟ್ಟೆ ಎಲ್ಲಿ ಬಿತ್ತೋ ಗೊತ್ತಿಲ್ಲ. ರೇಂಜಿನಲ್ಲಿ ಗುಡ್ಡಕ್ಕೆ ಬಡಿದು ವಾಪಸ್ ಬರುತ್ತಿದ್ದ ಅದೇ ದನಿಯಲ್ಲಿ ಕೂಗಿದೆ:

"ಖಾಲಿ ಕರ್!"

ಗಿರಿಜಮ್ಮನ ಮುಖದಲ್ಲಿ ನಗು ಹಾಗೇ ಇತ್ತು. ತಲೆಗೆ ಇನ್ನೂ ಏನೂ ಹೊಳೆದಿರಲಿಲ್ಲ. ಆದರೆ ಕೈ ಕೇಳಿತು. ಬೆರಳು ಹೊರಬಂದು ನೇರವಾಯಿತು, ನಳಿಕೆ ನೆಲ ನೋಡಿತು, ಹೆಬ್ಬೆರಳು ಕೊಂಡಿ ಒತ್ತಿತು. ರಿವಾಲ್ವರ್ ಬಾಯಿ ತೆರೆಯಿತು.

ಒಳಗಿಂದ ಒಂದು ಗುಂಡು ಚಿಮ್ಮಿ ನೆಲಕ್ಕೆ ಬಿತ್ತು. ಮಂಡಕ್ಕಿ ಕಾಳುಗಳ ನಡುವೆ ಉರುಳುತ್ತ ಹೋಗಿ ಕಾವ್ಯಳ ಕಾಲಿಗೆ ತಾಗಿ ನಿಂತಿತು. ಅದರ ಬೆನ್ನ ಮೇಲೆ ಕುಂಕುಮದ ಬೊಟ್ಟಿತ್ತು.

ನನ್ನ ಎದೆ ಧಸಕ್ಕೆಂದಿತು. ಹೀಗೆ ಬರೆದರೆ ಸಾಲದು, ಆದರೆ ಬೇರೆ ಮಾತು ಗೊತ್ತಿಲ್ಲ. ಇಡೀ ಸೇವೆಯಲ್ಲಿ ಗಲಭೆ ನೋಡಿದ್ದೇನೆ, ಕಲ್ಲೇಟು ತಿಂದಿದ್ದೇನೆ, ನನ್ನ ಪಕ್ಕದಲ್ಲೇ ಸಹೋದ್ಯೋಗಿಯ ರೈಫಲ್ ಅಚಾತುರ್ಯದಿಂದ ಹಾರಿದ್ದನ್ನೂ ಕಂಡಿದ್ದೇನೆ. ಅಂದು ಆ ಪಡಸಾಲೆಯಲ್ಲಿ ಆದ ಹಾಗೆ ಎಲ್ಲೂ ಆಗಿರಲಿಲ್ಲ. ಈಗಷ್ಟೇ ಒಂದು ಸಲ ಕುದುರೆ ಎಳೆದಾಗಿತ್ತು. ಆರು ಮನೆಯಲ್ಲಿ ಒಂದರಲ್ಲಿ ಆ ಗುಂಡು ಇತ್ತು. ಮುಂದಿನ ಮನೆಯಲ್ಲೇ ಇತ್ತೋ, ಅದರಾಚೆಯದರಲ್ಲಿತ್ತೋ, ಯಾರಿಗೂ ಗೊತ್ತಿಲ್ಲ. ಚಿಮ್ಮಿ ಬಿದ್ದ ಮೇಲೆ ತಿಳಿಯುವ ದಾರಿಯೇ ಇಲ್ಲ. ಇವತ್ತಿಗೂ ಊಟಕ್ಕೆ ಕೂತಾಗ ಒಮ್ಮೊಮ್ಮೆ ಆ ಲೆಕ್ಕ ತಲೆಗೆ ಬರುತ್ತದೆ.

ಮೊದಲು ಮಾತಾಡಿದ್ದು ಹನುಮಕ್ಕ.

"ಅದನ್ಯಾಕೆ ಹೊರಗೆ ಹಾಕಿದೆ ಗಿರಿಜಾ?" ಎಂದರು, ತೀರಾ ಸಹಜವಾಗಿ. "ಬರಿದು ಇಡಬಾರ್ದು ಅಂತ ನಾನೇ ಒಂದು ಹಾಕಿದ್ದೆ."

ಗಿರಿಜಮ್ಮ ರಿವಾಲ್ವರನ್ನು ಮೆಲ್ಲಗೆ ನೆಲದ ಮೇಲಿಟ್ಟು, ಅದರ ಪಕ್ಕದಲ್ಲೇ ಕೂತರು. "ಅತ್ತೆ..." ಎಂದರು.

ಕೇಳಬೇಕಾದವನು ನಾನೇ ಆದೆ. "ಅಮ್ಮ, ನಿಮಗೆ ಅದನ್ನ ತೆಗಿಯಾಕೆ ಹೆಂಗೆ ಗೊತ್ತಾಯ್ತು?"

"ಅದೇನು ಬ್ರಹ್ಮವಿದ್ಯೆನಾ? ದಿನಾ ನೋಡ್ತೀನಲ್ರೀ. ಮ್ಯಾಲೆ ಒತ್ತೋದು, ಬಾಗ್ಸೋದು, ಮುಚ್ಚೋದು" ಎಂದು ಮುದುಕಿ ಗಾಳಿಯಲ್ಲೇ ಮಾಡಿ ತೋರಿಸಿದರು. "ಅಳತೆ ಡಬ್ಬಿಗೆ ಅಕ್ಕಿ ಹಾಕಿದೆ, ಪೆಟ್ಟಿಗೆಗೆ ಎಲೆ ಹಾಕಿದೆ. ಇದರ ಹೊಟ್ಟೆ ಬರಿದು ಇತ್ತು. ತಟ್ಟೆಯಿಂದ ಒಂದು ತಗಂಡು ಹಾಕಿದೆ. ನನ್ನ ಮಗ ಬರಿಗೈಲಿ ಹೋದ್ನಲ್ರೀ. ಇವಳ ಕೈಯಾದ್ರೂ ಬರಿದಾಗಬಾರ್ದು ಅಂತ ತಾಯಿ ಮುಂದೆ ಬೇಡಿಕಂಡು ಹಾಕಿದೆ."

ನಾನು ಗದರಬೇಕೆಂದು ಬಾಯಿ ತೆರೆದೆ. ಯಾರನ್ನು ಗದರಲಿ? ಆ ಮುದುಕಿ ಹಾಕಿದ್ದು ಗುಂಡಲ್ಲ, ಡಬ್ಬಿಗೆ ಸಕ್ಕರೆ ಹಾಕುವ ಹಾಗೆ ಹಾಕಿದ್ದು. ಸೊಸೆ ಉಳಿಯಲಿ ಎಂದು ಹಾಕಿದ್ದು. ಈ ಸೊಸೆಯೋ, ಬೆಳಿಗ್ಗೆ ಕಿರುಬೆರಳಿಟ್ಟು ಖಾಲಿ ಮಾಡಿದ್ದಳು. ಇಬ್ಬರೂ ತಾವು ಮಾಡಬೇಕಾದದ್ದನ್ನು ಮನಸ್ಸಿಟ್ಟು ಮಾಡಿದ್ದರು. ನಡುವೆ ಆ ಹುಡುಗಿ ನಗುತ್ತ ಮಂಡಿಯೂರಿದ್ದಳು.

ಹನುಮಕ್ಕನ ಕಣ್ಣು ಸೊಸೆಯಿಂದ ಗುಂಡಿಗೆ, ಗುಂಡಿನಿಂದ ಮೊಮ್ಮಗಳಿಗೆ ಹೋಯಿತು. ಆಗ ಅವರಿಗೆ ನಿಧಾನವಾಗಿ ತಿಳಿಯಿತು. ಆ ಮುಖ ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. ಯಾಕಾದರೂ ಕಂಡೆನೋ ಅನ್ನಿಸುತ್ತದೆ.

"ಸಾಹೇಬ್ರೇ, ಅದು ಟಕ್ ಅಂದ್ತಲ್ಲ, ಆವಾಗ... ಆವಾಗ ಇದು ಒಳಗೇ ಇತ್ತಾ?"

"ಇತ್ತಮ್ಮ" ಎಂದೆ.

ಮುದುಕಿ ಮೊಮ್ಮಗಳ ಹತ್ತಿರ ಹೋಗಿ ಅವಳ ಹಣೆ ಸವರಿದರು, ಕೆನ್ನೆ ಸವರಿದರು, ಮತ್ತೆ ಹಣೆ ಸವರಿದರು. ಏನೂ ಆಗಿಲ್ಲ ಎಂದು ಕೈಗೆ ನಂಬಿಕೆ ಬರುತ್ತಿರಲಿಲ್ಲವೇನೋ. "ಅಯ್ಯೋ ನನ್ನ ಕೈಗೆ ಬೆಂಕಿ ಬೀಳ! ಅಯ್ಯೋ ನನ್ನ ಕೈಗೆ ಬೆಂಕಿ ಬೀಳ!" ಎಂದು ತಮ್ಮ ಬಲಗೈಯನ್ನು ಬಾಗಿಲ ಚೌಕಟ್ಟಿಗೆ ಬಡಿದುಕೊಳ್ಳತೊಡಗಿದರು. ಗಿರಿಜಮ್ಮ ಎದ್ದು ಓಡಿ ಬಂದು ಆ ಕೈಯನ್ನು ಹಿಡಿದು ಎದೆಗೆ ಒತ್ತಿಕೊಂಡರು. ಅತ್ತೆಯೂ ಸೊಸೆಯೂ ಹಾಗೇ ನಿಂತು ಅತ್ತರು. ಕಾವ್ಯ ಅಳಲಿಲ್ಲ. ಕೈಯಲ್ಲಿ ಮೊಬೈಲ್ ಹಿಡಿದೇ ಇದ್ದಳು, ವಿಡಿಯೋ ಓಡುತ್ತಲೇ ಇತ್ತು.

ನಾನು ರಿವಾಲ್ವರನ್ನೂ ಗುಂಡುಗಳನ್ನೂ ಬೇರೆ ಬೇರೆ ಬೀರುವಿನಲ್ಲಿಟ್ಟು ಬೀಗ ಹಾಕಿಸಿದೆ. ಯಾರೋ ಕುಡಿಯಲು ನೀರು ಕೊಟ್ಟರು. ಹೋಳಿಗೆ ಯಾರೂ ತಿನ್ನಲಿಲ್ಲ.

ಹೊರಡುವಾಗ ಗಿರಿಜಮ್ಮ ಬಸ್ಸಿನವರೆಗೆ ಬಂದರು. "ಸಾರ್, ಇದನ್ನ ಸ್ಟೇಷನ್ನಿಗೆ ವಾಪಸ್ ಕೊಡ್ತೀನಿ. ನನ್ನ ಕೈಯಾಗೆ ಇರಬಾರ್ದು ಇದು."

"ಕೊಡಬೇಕು ಅನ್ನಿಸಿದರೆ ಕೊಡ್ರಿ, ನಾನು ತಡೆಯೋದಿಲ್ಲ" ಎಂದೆ. "ಆದ್ರೆ ಇವತ್ತು ಸಿಟ್ಟಲ್ಲಿ, ಭಯದಲ್ಲಿ ತೀರ್ಮಾನ ಮಾಡಬ್ಯಾಡ್ರಿ. ನಿಮ್ಮ ತಲೆ ಮೋಸ ಹೋಯ್ತು, ಕೈ ಹೋಗಲಿಲ್ಲ. ಅದನ್ನೂ ನೆನಪಿಡ್ರಿ."

"ನಾನು ಖಾಲಿ ಮಾಡಿದ್ದೆ ಸಾರ್" ಎಂದರು ಆಕೆ. "ನಿಜವಾಗ್ಲೂ ಮಾಡಿದ್ದೆ."

ಮಾಡಿದ್ದರು. ಅಲ್ಲಿಯೇ ಇರುವುದು ಎಲ್ಲ. ಬೆಳಿಗ್ಗೆ ನಾನು ಖಾಲಿ ಮಾಡಿದ್ದೆ ಎನ್ನುವುದು ಬೆಳಗಿನ ಸುದ್ದಿ. ಆಯುಧವನ್ನು ಕೆಳಗಿಟ್ಟು ಕಣ್ಣು ಆಚೆ ಹೋದ ಮೇಲೆ ಅದು ಮತ್ತೆ ಗುರುತಿಲ್ಲದ ಆಯುಧ. ಎಷ್ಟು ಸಲ ಕೈಗೆ ತೆಗೆದುಕೊಳ್ಳುತ್ತೇವೋ ಅಷ್ಟು ಸಲವೂ ತೆರೆದು ನೋಡಬೇಕು, ದೇವರ ಮುಂದಿನಿಂದ ಎತ್ತಿಕೊಂಡರೂ ನೋಡಬೇಕು. ನನ್ನ ಕೆಲಸ ಕಲಿಸಿದ ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಲೈಸೆನ್ಸ್ ಒಬ್ಬರ ಹೆಸರಿಗೆ ಬರುತ್ತದೆ, ಆದರೆ ಆಯುಧ ಬಂದು ಕೂರುವುದು ಮನೆಮಂದಿಯ ನಡುವೆ. ಅಲ್ಲಿ ಪ್ರೀತಿಯಿಂದ, ಭಕ್ತಿಯಿಂದ ಅದನ್ನು ಮುಟ್ಟುವ ಕೈಗಳಿರುತ್ತವೆ. ಕಳ್ಳನಿಗೆ ಹೆದರಿ ಬೀಗ ಹಾಕುವವರು ಆ ಕೈಗಳಿಗೆ ಬೀಗ ಹಾಕುವುದಿಲ್ಲ. ನಿವೃತ್ತಿಯವರೆಗಿನ ಉಳಿದ ಶಿಬಿರಗಳಲ್ಲಿ ನಾನು ಒಂದು ಷರತ್ತು ಹಾಕಿದೆ. ಕೊನೆಯ ದಿನ ಪ್ರತಿಯೊಬ್ಬರೂ ಮನೆಯ ಹಿರಿಯರೊಬ್ಬರನ್ನು ಕರೆತರಬೇಕು. ಮೇಲಧಿಕಾರಿಗಳು ಹುಬ್ಬೇರಿಸಿದರು, ಆಮೇಲೆ ಒಪ್ಪಿದರು. ಗಿರಿಜಮ್ಮನೇ ಒಪ್ಪಿ ಕಳಿಸಿದ ಆ ವಿಡಿಯೋವನ್ನು ಅವರ ಮುಂದೆ ತೋರಿಸುತ್ತಿದ್ದೆ. ಅದರಲ್ಲಿ ಒಬ್ಬ ತಾಯಿಯ ನಗು ಮುಖ, ಅದರ ಮುಂದೆ ಕಪ್ಪನೆಯ ಒಂದು ತೂತು, ಆಮೇಲೆ ಟಕ್ ಎಂಬ ಸದ್ದು. ಬೇರೆ ಪಾಠ ಬೇಕಾಗುತ್ತಿರಲಿಲ್ಲ. ಕಪ್ಪು ಕನ್ನಡಕದವರೂ ಕನ್ನಡಕ ತೆಗೆದು ನೋಡುತ್ತಿದ್ದರು.

ಗಿರಿಜಮ್ಮ ರಿವಾಲ್ವರ್ ವಾಪಸ್ ಕೊಡಲಿಲ್ಲ. ಮರುವರ್ಷ ಆಯುಧಪೂಜೆಗೆ ಮತ್ತೆ ಫೋನು ಬಂತು. ಆ ಹೊತ್ತಿಗೆ ನಾನು ನಿವೃತ್ತನಾಗಿದ್ದೆ. ಹೋಗಲು ಮನಸ್ಸಿರಲಿಲ್ಲ, ಹೋಗದಿರಲೂ ಆಗಲಿಲ್ಲ.

ಅದೇ ಪಡಸಾಲೆ, ಅದೇ ಮಣೆ. ಗುಂಡಿನ ತಟ್ಟೆ ಇರಲಿಲ್ಲ. ಗೋಡೆಯ ಮೇಲೆ ಕ್ಯಾಲೆಂಡರ್ ಇರಲಿಲ್ಲ. ಅಳತೆ ಡಬ್ಬಿಯಲ್ಲಿ ಎಂದಿನಂತೆ ಒಂದು ಹಿಡಿ ಅಕ್ಕಿ ಇತ್ತು, ಪೆಟ್ಟಿಗೆಯಲ್ಲಿ ವೀಳ್ಯದೆಲೆ ಇತ್ತು. ಗಿರಿಜಮ್ಮ ರಿವಾಲ್ವರ್ ತಂದು ಮಣೆಯ ಮೇಲಿಡಲು ಬಾಗಿದರು. ಮೂಲೆಯಿಂದ ಹನುಮಕ್ಕನ ದನಿ ಬಂತು, ನಡುಗುವ, ಆದರೆ ಗಟ್ಟಿಯಾದ ದನಿ:

"ಖಾಲಿ ಕರ್!"

ಯಾರೂ ನಗಲಿಲ್ಲ. ಗಿರಿಜಮ್ಮ ನಳಿಕೆ ನೆಲಕ್ಕೆ ಮಾಡಿ ತೆರೆದು ಹಿಡಿದರು. ಮುದುಕಿ ಕನ್ನಡಕ ಏರಿಸಿ ಬಗ್ಗಿ, ಒಂದೊಂದು ಮನೆಗೂ ಕಿರುಬೆರಳು ಇಟ್ಟು ನೋಡಿದರು. ಆರೂ ಆಯಿತು. ಸಾಲದೆಂದು ಮೊಮ್ಮಗಳನ್ನು ಕರೆದು ಅವಳ ಬೆರಳನ್ನೂ ಇಡಿಸಿದರು. ಆಮೇಲೆ ಬಾಯಿ ತೆರೆದೇ ಇದ್ದ ಆ ರಿವಾಲ್ವರನ್ನು ಕೆಂಪು ಬಟ್ಟೆಯ ಮೇಲೆ ಇಡಿಸಿ, ದೇವಿಯ ಫೋಟೋ ಕಡೆ ತಿರುಗಿ ಕೈ ಜೋಡಿಸಿದರು.

"ತಾಯಿ, ಇದೊಂದು ಬರಿದಾಗೇ ಇರ್ಲಿ" ಎಂದರು. "ಮನೆ ತುಂಬಿರ್ಲಿ."